ಒಂದಂಕಣದ ಮನೆ

“ಇದಕ್ಕ ಮನಿ ಅಂತಾರೇನವ್ವಾ?... ಇದಕ್ಕ ಮನಿ ಅಂತಾರೇನ ನನ್ನವ್ವಾ!”

ಮುದಕವ್ವ ಬಾಗಿಲಲ್ಲೇ ಕುಸಿದು ಕುಳಿತಳು. ಒಳಗೆ ಕಾಲಿಡುವ ಭರದಲ್ಲಿ ಗಿಡ್ಡ ಬಾಗಿಲಿನ ಮೇಲಿನ ಅಡ್ಡಪಟ್ಟಿ ಅವಳ ಹಣೆಗೆ ಬಡಿದಿತ್ತು. ಹಣೆಯ ನೋವಿಗೋ, ಕಣ್ಣೆದುರಿಗೆ ಕಂಡದ್ದಕ್ಕೋ, ಕಣ್ಣೀರು ದಳದಳನೆ ಇಳಿಯತೊಡಗಿತು. ಗಲಗಲಿಯಿಂದ ಚಕ್ಕಡಿ ಹೂಡಿಸಿಕೊಂಡು, ಜಮಖಂಡಿಯಲ್ಲಿ ಒಂದು ರಾತ್ರಿ ತಂಗಿ, ತುಂಬಿದ ಬಸುರಿ ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆದೊಯ್ಯಲು ಗಂಡ ಗಿರಮಲ್ಲಪ್ಪನ ಜೊತೆ ಬನಹಟ್ಟಿಗೆ ಬಂದಿದ್ದಳು. ಸುಗ್ಗಿಯ ಗದ್ದಲದಲ್ಲಿ ಬರುವುದೇ ತಡವಾಗಿತ್ತು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಮಗಳು ಬಾಳುವ ಮನೆಯನ್ನು ಅವಳು ನೋಡುತ್ತಿದ್ದುದು ಇದೇ ಮೊದಲು.

ನೋಡಲು ಬಹಳ ಹೊತ್ತೇನೂ ಬೇಕಿರಲಿಲ್ಲ. ಎಡಕ್ಕೆ ಒಲೆ, ಬಲಕ್ಕೆ ಬಚ್ಚಲಕಲ್ಲು, ನಡುವೆ ನಾಲ್ಕು ಜನ ಕುಳಿತರೆ ಐದನೆಯವರು ನಿಂತೇ ಇರಬೇಕಾದಷ್ಟು ನೆಲ. ಮೇಲೆ ಒಂದೇ ಒಂದು ತೊಲೆ, ಅದರ ಕೆಳಗಿನ ಒಂದೇ ಅಂಕಣ. ತೊಲೆಗೆ ನೇತುಬಿದ್ದ ಹಗ್ಗದ ನೆಲವಿನಲ್ಲಿ ಮಜ್ಜಿಗೆಯ ಗಡಿಗೆ, ಗೋಡೆಯ ಗೂಟಕ್ಕೆ ಅಳಿಯನ ಕರಿ ಟೊಪ್ಪಿಗೆ, ಮಾಡದಲ್ಲಿ ಬೀರೇಶ್ವರನ ಭಂಡಾರದ ಬಟ್ಟಲು, ಮೂಲೆಯಲ್ಲಿ ಹಾಸಿಗೆಯ ಸುರುಳಿ. ಅಷ್ಟೇ ಮನೆ! ಗಲಗಲಿಯಲ್ಲಿ ಅವರ ಎತ್ತು ಕಟ್ಟುವ ಜಾಗವೇ ಇದರ ಎರಡರಷ್ಟಿತ್ತು.

“ಒಳಗ ಬಾ ಬೇ. ತೆಲಿ ಬಗ್ಗಿಸಿ ಬರಬೇಕು. ಮೊದಲ ಮೊದಲ ನನಗೂ ಹಂಗ ಬಡೀತಿತ್ತು,” ಎಂದು ಸುಂದರವ್ವ ನಗುತ್ತ ತಾಯಿಯ ಹಣೆಗೆ ಅರಿಷಿಣ ಮೆತ್ತಿದಳು.

“ನಗಾಕತ್ತಿ? ಹತ್ತಂಕಣದ ಮನ್ಯಾಗ ಹುಟ್ಟಿದಾಕಿ ನೀ!... ಇಷ್ಟ ದೊಡ್ಡ ಹೊಟ್ಟಿ ಹೊತ್ಕೊಂಡ ಯಾವ ಕಡಿ ಮಗ್ಗಲಾಗ್ತಿ? ಒಲಿ ಕಡಿ ಹೊಳ್ಳಿದ್ರ ಸುಡತಿ, ಬಚ್ಚಲ ಕಡಿ ಹೊಳ್ಳಿದ್ರ ತೊಯ್ತಿ! ಏಳು, ಅರಿಬಿ ಕಟ್ಟು. ಈಗಿಂದೀಗ ಹೋಗೂನು!”

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಹೊಳೆವ್ವನಿಗೆ ಇದೆಲ್ಲ ಸ್ಪಷ್ಟವಾಗಿ ಕೇಳಿಸಿತು. ಹೊಳೆವ್ವ ಸುಂದರವ್ವನ ಅತ್ತೆ. ಅವಳು ಬಗ್ಗಿ ಬೆಳಕಿಂಡಿಯಲ್ಲಿ ಇಣುಕಿದಳು. ಆದರೆ ಬೀಗತಿಯನ್ನು ಮಾತಾಡಿಸಲಿಲ್ಲ. ಎದುರಿಗೆ ಕುಳಿತಿದ್ದ ಕಾಗೆಗೆ ಹೇಳಿದಳು: “ಕೇಳಿದೇನ ಕಾಗೀ? ದೊಡ್ಡ ಮನ್ಯಾಗಿನವ್ರು ಬಂದಾರ. ನಮ್ಮನಿ ಬಾಗಲಾ ಅವ್ರಿಗಿ ಮಣಿಯಾಂಗಿಲ್ಲಂತ!”

ಇಬ್ಬರು ಬೀಗತಿಯರಿಗೂ ಮದುವೆಯ ದಿನದಿಂದಲೇ ಮಾತಿರಲಿಲ್ಲ. ಇಬ್ಬರೂ ಬೀರಪ್ಪನ ಒಕ್ಕಲಿನವರೇ. ಆದರೆ ಗಿರಮಲ್ಲಪ್ಪನ ಹಿರಿಯರು ಎಂದೋ ಕುರಿ ಬಿಟ್ಟು ಹೊಳೆದಂಡೆಯ ಹೊಲ ಹಿಡಿದು ಗಟ್ಟಿ ಕುಳವಾಗಿದ್ದರು. ಹೊಳೆವ್ವ ಮಾತ್ರ ಗಂಡ ತೀರಿದ ಮೇಲೂ ಕುರಿಹಿಂಡಿನ ಬೆನ್ನು ಹತ್ತಿ ಊರೂರು ಅಲೆದು, ಒಬ್ಬನೇ ಮಗ ಸಿದರಾಯನನ್ನು ಓದಿಸಿದ್ದಳು. ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದ ಹೊಸತರಲ್ಲಿ ಅವನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬನಹಟ್ಟಿಯ ಸಾಲೆಗೆ ಮಾಸ್ತರನಾದ. ಹುಡುಗನ ನಡೆನುಡಿ ಮೆಚ್ಚಿದ ಗಿರಮಲ್ಲಪ್ಪ ಹೆಂಡತಿಯ ಮಾತು ಮೀರಿ ಮಗಳನ್ನು ಕೊಟ್ಟ. ಆ ಸಿಟ್ಟಿಗೆ ಮುದಕವ್ವ ಹಂದರದಲ್ಲಿ ನಾಲ್ಕು ಜನರ ಮುಂದೆ ಅಂದಿದ್ದಳು: “ಕುರಿ ಜೋಡಿ ಮಲಗೂ ಮಂದಿಗೆ ಮನಿ ಯಾಕ ಬೇಕು?” ಆ ಮಾತು ಹೊಳೆವ್ವನ ಎದೆಗೆ ಮುಳ್ಳಾಗಿ ನಾಟಿತು. “ಆಕಿ ಆಗಿ ಮೊದಲ ಮಾತಾಡಸೂ ತನಕಾ ನಾ ಬಾಯಿ ಬಿಚ್ಚಾಂಗಿಲ್ಲ,” ಎಂದು ಅಂದೇ ನಿಶ್ಚಯಿಸಿಬಿಟ್ಟಳು.

ಮುದಕವ್ವ ಕಣ್ಣೊರೆಸಿಕೊಂಡು ಎದ್ದು, ಚಕ್ಕಡಿಯ ಬಳಿ ನಿಂತಿದ್ದ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. “ನೋಡ್ರಿ, ಹಡದ ಮ್ಯಾಲೆ ಆಕೀನ್ನ ಮತ್ತ ಇಲ್ಲಿಗಿ ಕಳಸಾಂಗಿಲ್ಲ. ಹೇಂತಿ ಬೇಕಂದ್ರ ಅಳಿಯಾನ ಗಲಗಲಿಗಿ ಬಂದ ಇರಲಿ. ಮೂರಂಕಣ ಬಿಟ್ಟ ಕೊಡೂನು. ಹೊಲಾ ನೋಡ್ಕೊಂಡ ಇರಲಿ.”

“ಮೆಲ್ಲಕ...” ಎಂದ ಗಿರಮಲ್ಲಪ್ಪ, ಕಣ್ಣು ಮೇಲೆತ್ತಿ.

ಮಾಳಿಗೆಯ ಅಂಚಿನಲ್ಲಿ ಹೊಳೆವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಒಳಗೆ ಒಲೆಯ ಮುಂದೆ ಸುಂದರವ್ವನ ಕೈಯಲ್ಲಿನ ರೊಟ್ಟಿ ಅರ್ಧಕ್ಕೆ ನಿಂತಿತ್ತು. ಆಚೆಮನೆಯ ನೇಕಾರರ ಪದ್ಮವ್ವ ಬಾಗಿಲಿಗೆ ಬಂದು ನಿಂತಿದ್ದಳು. ಸಾಲದ್ದಕ್ಕೆ, ನಡುಹಗಲಿನ ಊಟಕ್ಕೆಂದು ಸಾಲೆಯಿಂದ ಬಂದ ಸಿದರಾಯ ಚಕ್ಕಡಿಯ ಹಿಂದೆಯೇ ನಿಂತಿದ್ದ! ಆ ಓಣಿಯಲ್ಲಿ ಪಿಸುಮಾತಿಗೆ ಜಾಗವೇ ಇರಲಿಲ್ಲ.

ಸಿದರಾಯನ ಮುಖ ಕೆಂಪೇರಿತು. “ಅತ್ತಿಯವರ, ಮನಿಯಳಿಯ ಆಗಾಕ ನಾ ಮುಲ್ಕಿ ಪಾಸ ಮಾಡಿಲ್ರಿ.”

“ಪಾಸ ಮಾಡಿ ನನ್ನ ಮಗಳಿಗೆ ಎಷ್ಟ ಗೋಡಿ ಕಟ್ಟಿಸೀರಿ, ತೋರಸ್ರಿ ನೋಡೂನು!”

ಮಾಸ್ತರ ತಲೆ ತಗ್ಗಿಸಿದ. ಆಗ ಸುಂದರವ್ವ ಬಾಗಿಲಿಗೆ ಬಂದಳು.

“ಯವ್ವಾ, ಅವ್ರಿಗೇನೂ ಅನಬ್ಯಾಡ. ನನ್ನ ಕೇಳು. ಗಂಡನ ಮನಿಗೆ ನಡ್ಯಾಕ ಬಂದ ಹೊಸತರಾಗ ನಾನೂ ಅತ್ತೇನಿ. ಆದ್ರ ಅಳಾಕ ಒಂದ ಮೂಲಿ ಸಿಗಲಿಲ್ಲ ಬೇ! ಒಲಿ ಕಡಿ ಅತ್ತಿ, ಬಾಗಲದಾಗ ಇವ್ರು. ಗ್ವಾಡಿ ಕಡಿ ಮಾರಿ ಮಾಡಿ ಅತ್ರ ಆಚಿಂದ ಪದ್ಮವ್ವ, ‘ಯಾಕ ತಂಗಿ, ಹೊಟ್ಟಿ ನೋಯಾಕತ್ತೈತೇನ?’ ಅಂತ ಕೇಳೂದು! ಅಳಕೋತನ ನಗು ಬಂತು ನನಗ... ಇಲ್ಲಿ ಸಿಟ್ಟ ಮಾಡಿದ್ರೂ ಉಣ್ಣೂಮಟಾ ಅಷ್ಟ. ಉಣ್ಣಾಕ ಕುಂಡ್ರೂದು ಒಬ್ಬರ ಮಣಕಾಲಿಗೆ ಒಬ್ಬರ ಮಣಕಾಲ ಹಚ್ಚಿ. ಹಂಗ ಕುಂತ ಎಷ್ಟೊತ್ತ ಸಿಟ್ಟ ಹಿಡೀತಾರ? ನಾ ಬಾಣಂತನಕ್ಕ ಬರ್ತೇನಿ. ಆದ್ರ ಹೊಳ್ಳಿ ಇಲ್ಲಿಗೇ...”

ಮಾತು ಅಲ್ಲಿಗೇ ನಿಂತಿತು. ಅವಳ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. “ಅಯ್ಯೋ... ಯವ್ವಾ!”

ಹೊಳೆವ್ವ ಮಾಳಿಗೆಯ ನಿಚ್ಚಣಿಕೆಯನ್ನು ಹೇಗೆ ಇಳಿದಳೋ ಆ ದೇವರೇ ಬಲ್ಲ! ಕಣ್ಣು ಮಿಟುಕಿಸುವುದರಲ್ಲಿ ಸೊಸೆಯನ್ನು ತಬ್ಬಿ ಹಿಡಿದಿದ್ದಳು. “ಮಾಸ್ತರ ಹೇಂತಿಗೆ ಬ್ಯಾನಿ ಹತ್ಯಾವ! ಕರೆವ್ವನ್ನ ಕರೀರೋ!” ಎಂದು ಪದ್ಮವ್ವ ಕೂಗಿದ್ದೇ ತಡ, ಆ ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತುಹೋಯಿತು. ಒಬ್ಬಳು ಬಿಸಿನೀರಿನ ಕೊಡ ತಂದಳು, ಮತ್ತೊಬ್ಬಳು ಹಳೆಯ ಮೆತ್ತನೆಯ ಅರಿವೆ ತಂದಳು. ಸೂಲಗಿತ್ತಿ ಕರೆವ್ವ ಬಂದವಳೇ ಗಂಡಸರನ್ನೆಲ್ಲ ದೂರ ಅಟ್ಟಿ ಬಾಗಿಲು ಹಾಕಿಕೊಂಡಳು.

ಎಲ್ಲರೂ ಓಡಾಡುತ್ತಿದ್ದಾಗ ಮುದಕವ್ವ ಮಾತ್ರ ಗೋಡೆಗೆ ಆತು ನಿಂತುಬಿಟ್ಟಿದ್ದಳು. ಇಷ್ಟೊತ್ತು ಅಬ್ಬರಿಸಿದ್ದ ಹೆಂಗಸು ಈಗ ಗಡಗಡ ನಡುಗುತ್ತಿದ್ದಳು. ಹೊಳೆವ್ವ ಒಮ್ಮೆ ಅವಳ ಮುಖ ನೋಡಿದಳು. ಮಾತಾಡದೆಯೇ ಅವಳ ರಟ್ಟೆ ಹಿಡಿದು ಎಳೆದು ತನ್ನ ಮಗ್ಗುಲಲ್ಲೇ ಕೂಡಿಸಿಕೊಂಡಳು. ಬೇರೆ ಕಡೆ ಕೂಡಲು ಜಾಗವಾದರೂ ಎಲ್ಲಿತ್ತು? ಸುಂದರವ್ವನ ಬೆನ್ನಿಗೆ ಇಬ್ಬರೂ ಒರಗುದಿಂಬಾದರು. ಭುಜಕ್ಕೆ ಭುಜ ತಾಗಿತ್ತು. ಮಗಳು ನೋವಿನಿಂದ ಒಂದು ಕೈಯಲ್ಲಿ ತಾಯಿಯನ್ನೂ ಒಂದು ಕೈಯಲ್ಲಿ ಅತ್ತೆಯನ್ನೂ ಹಿಡಿದು ಹಿಂಡಿದಳು...

ದೀಪ ಹಚ್ಚುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. “ಲಕ್ಷ್ಮಿ ಬಂದಳು!” ಎಂದು ಕರೆವ್ವ ಒಳಗಿನಿಂದ ಕೂಗಿದಳು. ಆ ಕೂಗು ಗೋಡೆಯಿಂದ ಗೋಡೆಗೆ ದಾಟಿ ಓಣಿಯ ತುದಿ ಮುಟ್ಟಿತು. ಚಾವಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮಾವ ಅಳಿಯ ಇಬ್ಬರಿಗೂ ಯಾರೋ ಬಾಯಿತುಂಬ ಸಕ್ಕರೆ ಹಾಕಿ ಹೋದರು.

ಹಸಿ ಬಾಣಂತಿಯನ್ನು ಚಕ್ಕಡಿಯಲ್ಲಿ ಕುಲುಕಿಸುವ ಹಾಗಿರಲಿಲ್ಲ. ಗಿರಮಲ್ಲಪ್ಪ ಒಬ್ಬನೇ ಊರಿಗೆ ಹೋದ. ಸಿದರಾಯ ಹಾಸಿಗೆ ಹೊತ್ತು ಸಾಲೆಯ ಪಡಸಾಲೆ ಸೇರಿದ. ಮುದಕವ್ವ ಉಳಿದಳು, ಒಂದಂಕಣದ ಆ ಮನೆಯಲ್ಲಿ, ಮಾತಿಲ್ಲದ ಬೀಗತಿಯ ಜೊತೆ!

ಆ ದಿನಗಳ ಸೊಗಸನ್ನು ಸುಂದರವ್ವ ಮುಂದೆ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದಳು. ಒಬ್ಬಳು ರೊಟ್ಟಿ ತಟ್ಟಿದರೆ ಇನ್ನೊಬ್ಬಳ ಬೆನ್ನಿಗೆ ಮೊಣಕೈ ತಾಗುತ್ತಿತ್ತು. ಒಬ್ಬಳು ಎದ್ದರೆ ಇನ್ನೊಬ್ಬಳು ಕೂಡಬೇಕು. ಮಾತು ಮಾತ್ರ ಕೂಸಿನ ಮೂಲಕ.

“ಕೂಸವ್ವಾ, ನಿಮ್ಮ ಗಲಗಲಿ ಅವ್ವಗ ಹೇಳು, ಅಳವಿ ಕಾಳಿನ ಪಾಯಸಕ್ಕ ಬೆಲ್ಲಾ ಸಾಲಂಗಿಲ್ಲಂತ.”

“ಕೂಸವ್ವಾ, ನಿಮ್ಮ ಬನಹಟ್ಟಿ ಅವ್ವಗ ಹೇಳು, ಬೆಲ್ಲದ ಡಬ್ಬಿ ಮ್ಯಾಲೆ ಆಕೀನ ಕುಂತಾಳಂತ!”

ಬಾಣಂತಿ ಕೌದಿಯೊಳಗೆ ಮುಖ ಮುಚ್ಚಿ ನಗುತ್ತಿದ್ದಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು. ನಗದಿದ್ದರೆ ಇನ್ನೂ ನೋಯುತ್ತಿತ್ತು.

ಒಂದು ಬೆಳಗಿನ ಜಾವ ಮುದಕವ್ವನಿಗೆ ಬೇಗ ಎಚ್ಚರವಾಯಿತು. ಹೊರಗೆ ಪುಷ್ಯ ಮಾಸದ ಚಳಿ ಕೊರೆಯುತ್ತಿತ್ತು. ಒಲೆಯ ಬೂದಿಯಲ್ಲಿ ಇನ್ನೂ ಬಿಸಿಯಿತ್ತು. ಅದರ ಪಕ್ಕದಲ್ಲಿ, ಕೂಸು ಹುಟ್ಟಿದಂದಿನಿಂದ ಒಳಗೇ ಮಲಗುತ್ತಿದ್ದ ಹೊಳೆವ್ವ ಮೊಣಕಾಲು ಮಡಚಿಕೊಂಡು, ಗಲ್ಲದ ಕೆಳಗೆ ಕೈಯಿಟ್ಟು, ಎಳೆಮಗುವಿನಂತೆ ನಿದ್ದೆಹೋಗಿದ್ದಳು. ಗೊರಕೆ ಬೇರೆ! ಮುದಕವ್ವ ನೋಡುತ್ತಲೇ ಕುಳಿತಳು. ಮಗಳು ಹೇಳಿದ್ದ ಮಾತು ನೆನಪಾಯಿತು: “ನಮ್ಮತ್ತಿ ಕುರಿಯಾಗ ಬೆಳದಾಕಿ ಬೇ. ತೊಲಿ ಕೆಳಗ ಮಲಗಿದ್ರ ಆಕಿಗೆ ಉಸರ ಕಟ್ಟತೈತಂತ. ಚಳಿ ಇರಲಿ ಬಿಸಲಿರಲಿ ಮಾಳಿಗಿ ಮ್ಯಾಲೇ ಮಲಗತಾಳ. ಮಳಿ ಬಂದ್ರ ಪದ್ಮವ್ವನ ಮಗ್ಗದ ಹಂತ್ಯಾಕ.” ಉಸಿರು ಕಟ್ಟುವವಳು ಹೀಗೆ ಮಲಗುತ್ತಾಳೆಯೇ? ಮುದಕವ್ವನಿಗೆ ಏನೋ ಹೊಳೆಯಿತು. ಹೊಳೆವ್ವ ಕಣ್ಣು ಬಿಟ್ಟೊಡನೆ, ಎರಡು ವರ್ಷದ ಬಿಗುಮಾನ ಮರೆತು ಕೇಳಿಯೇಬಿಟ್ಟಳು.

“ಬೀಗತೀ... ತೊಲಿ ಕೆಳಗ ನಿದ್ದಿ ಹತ್ತಾಂಗಿಲ್ಲ ಅಂತಿದ್ದೆಲ್ಲ? ಖರೇ ಹೇಳು. ಇಂಥಾ ಚಳ್ಯಾಗ ಮಾಳಿಗಿ ಮ್ಯಾಲೆ ಯಾಕ ಮಲಗ್ತಿದ್ದಿ?”

ಹೊಳೆವ್ವ ದಿಗ್ಗನೆ ಎದ್ದು ಸೆರಗು ಸರಿಮಾಡಿಕೊಂಡಳು. ಬೀಗತಿ ತಾನಾಗಿ ಮೊದಲು ಮಾತಾಡಿದ್ದಳು! ಆದರೆ ಗೆದ್ದ ಸಂಭ್ರಮ ಅವಳ ಮುಖದಲ್ಲಿ ಕಾಣಲಿಲ್ಲ. ಕಳವಿನಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ಕೆಳಗೆ ಹಾಕಿದಳು.

“ಎಳೇ ಹುಡುಗೂರು ಬೀಗತಿ... ಹಗಲೆಲ್ಲಾ ಅಂವ ಸಾಲ್ಯಾಗ, ಈಕಿ ಒಲಿ ಮುಂದ. ಇದ್ದದ್ದ ಒಂದಂಕಣ. ನಾನೂ ಇಲ್ಲೇ ಕಾಲ ಚಾಚಿದ್ರ ಗಂಡಾ ಹೇಂತಿ ನಾಕ ಮಾತ ಆಡೂದು ಯಾವಾಗ? ಅದಕ್ಕ ಹಂಗ ಹೇಳಿದ್ದೆ... ಸುಂದ್ರಿಗಿ ಹೇಳಬ್ಯಾಡ, ನಿನ್ನ ಕಾಲ ಬೀಳ್ತೇನಿ. ಗೊತ್ತಾದ್ರ ಆಕಿ ಒಳಗ ಮಲಗಾಂಗಿಲ್ಲ.”

ಮುದಕವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ಅಳು ನಿಲ್ಲಲಿಲ್ಲ. “ನಿನಗ ಮನಿ ಯಾಕ ಬೇಕು ಅಂತ ಅಂದ ನಾಲಿಗಿ ಇದು!... ಹೊಳೆವ್ವಾ, ನನ್ನ ಚೊಚ್ಚಲ ಕೂಸಿನ ಸುದ್ದಿ ಸುಂದ್ರಿಗೂ ಗೊತ್ತಿಲ್ಲ. ತವರಿಗಿ ಹೋಗೂದ್ರಾಗ ಬ್ಯಾನಿ ಹತ್ತಿದ್ದವು. ಹತ್ತಂಕಣದ ಮನ್ಯಾಗ ಕಟ್ಟಕಡೀ ಖೋಲ್ಯಾಗ ಒಬ್ಬಾಕೀನ ಇದ್ದೆ. ಒದರಿದೆ... ಒದರಿದೆ... ಪಡಸಾಲ್ಯಾಗ ಮಂದಿ ತುಂಬಿದ್ರು, ಅಡಗಿಮನ್ಯಾಗ ಹೆಣಮಕ್ಕಳು ನಗಾಕತ್ತಿದ್ರು. ನಡುವ ಬಾಗಲಾನ ಬಾಗಲಾ... ಒಬ್ಬರಿಗೂ ಕೇಳಲಿಲ್ಲ. ಕೇಳಿ ಬರೂದ್ರಾಗ ನನ್ನ ಮಗಾ ತಣ್ಣಗಾಗಿದ್ದ. ಮೊನ್ನಿ ಸುಂದ್ರಿ ಒದರಿದಾಗ ಅದೆಲ್ಲಾ ಕಣ್ಣಮುಂದ ಬಂದ ನಿಂತ್ತು. ನನ್ನ ಕೈಕಾಲ ಬಿದ್ದಹೋದ್ವು...”

ಹೊಳೆವ್ವ ಚೆಂಬಿನಲ್ಲಿ ನೀರು ತುಂಬಿ ತಂದು ಅವಳ ಕೈಗಿಟ್ಟಳು. ಅವಳು ಕುಡಿಯುವವರೆಗೂ ಬೆನ್ನು ಸವರುತ್ತ ಕುಳಿತಳು. ಕೊನೆಗೆ, “ನಿನ್ನ ಮನಿ ದೊಡ್ಡದು, ಅದಕ್ಕ ನಿನ್ನ ಸುಖಾನೂ ದೊಡ್ಡದಿರಬೇಕು ಅಂತ ತಿಳದಿದ್ದೆ ನನ್ನವ್ವಾ,” ಎಂದಳು.

ಕೈ ಚಾಚಿದರೆ ತಾಗುವಷ್ಟು ದೂರದಲ್ಲಿ, ಪದ್ಮವ್ವ ಕೊಟ್ಟ ಹೊರಸಿನ ಮೇಲೆ ಬಾಣಂತಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಅವಳ ದಿಂಬು ತೊಯ್ದುಹೋಗಿತ್ತು. ಪಾಪ, ಹೊಳೆವ್ವನ ಗುಟ್ಟು ಆ ಮನೆಯಲ್ಲಿ ಉಳಿಯುವುದಾದರೂ ಹೇಗೆ!

ಹೆಸರಿಡುವ ದಿನ ಬಂತು. ನೇಕಾರರು ಓಣಿಯುದ್ದಕ್ಕೂ ಹಾಸಿದ್ದ ನೂಲಿನ ಹಾಸು ತೆಗೆದು ಜಮಖಾನೆ ಹಾಸಿದರು. ಮನೆಯಲ್ಲಿ ತೊಟ್ಟಿಲಿಗೇ ಜಾಗ ಸಾಲದು. ಇದ್ದ ಒಂದು ತೊಲೆಗೆ ಕಟ್ಟಿದ ತೊಟ್ಟಿಲು ಜೋರಾಗಿ ತೂಗಿದರೆ ಒಲೆಗೆ ಬಡಿಯುತ್ತಿತ್ತು! ಐದು ಜನ ಮುತ್ತೈದೆಯರು ಒಳಗೆ, ಉಳಿದ ಓಣಿಯೆಲ್ಲ ಹೊರಗೆ. ಒಳಗಿನವರು ಜೋಗುಳದ ಒಂದು ನುಡಿ ಹಾಡಿದರೆ ಹೊರಗಿನವರು ಸೊಲ್ಲು ಹಿಡಿಯುತ್ತಿದ್ದರು. ಸೋದರತ್ತೆಯ ಜಾಗದಲ್ಲಿ ನಿಂತು ಪದ್ಮವ್ವ ಕೂಸಿನ ಕಿವಿಯಲ್ಲಿ ‘ಸಿದ್ದಕ್ಕ’ ಎಂದು ಹೆಸರು ಹೇಳಿದಳು. ಅದು ಹೊಳೆವ್ವನನ್ನು ಹಡೆದ ತಾಯಿಯ ಹೆಸರು. ಅದನ್ನೇ ಇಡಬೇಕೆಂದು ಹಟ ಹಿಡಿದವಳು ಮುದಕವ್ವ. ಮಾದಲಿ, ತುಪ್ಪ, ಹಾಲಿನ ಊಟವಾಯಿತು.

ಗಲಗಲಿಯಿಂದ ಚಕ್ಕಡಿ ತಂದಿದ್ದ ಗಿರಮಲ್ಲಪ್ಪ ಎಲೆಯಡಿಕೆ ಹಾಕುತ್ತ ಕುಳಿತಿದ್ದಾಗ ಸಿದರಾಯ ಬಂದು ಎದುರಿಗೆ ನಿಂತ. ಕೆಲವು ದಿನಗಳಿಂದ ಅವನು ಸರಿಯಾಗಿ ಉಂಡಿರಲಿಲ್ಲ.

“ಮಾವಾರ... ಅವತ್ತ ಅತ್ತಿಯವರು ಕೇಳಿದ್ದಕ್ಕ ನನ್ನ ಹಂತ್ಯಾಕ ಉತ್ತರಾ ಇರಲಿಲ್ಲ. ಈಗೂ ಇಲ್ಲ. ಚಾವಡಿ ಕಟ್ಟಿ ಮ್ಯಾಲೆ ಕುಂತ ಆಕಿ ಒದರೂದ ಕೇಳಿದೆ. ನನ್ನ ಸಂಕಟಾ ಆ ಬೀರಪ್ಪಗ ಗೊತ್ತು. ನನ್ನ ಹಟಕ್ಕ ಆಕೀನ್ನ ಈ ಇಕ್ಕಟ್ಟಿನ್ಯಾಗ ಇಡಾಂಗಿಲ್ರಿ. ನೌಕರಿ ಬಿಡತೇನಿ. ಗಲಗಲಿಗಿ ಬರ್ತೇನಿ, ಹೊಲಾ ಮಾಡತೇನಿ...” ಮಾಸ್ತರನ ದನಿ ಒಡೆಯಿತು.

ಒಳಗಿನಿಂದ ದಡಬಡಿಸಿ ಮುದಕವ್ವ ಹೊರಬಂದಳು. ಆ ಅವಸರದಲ್ಲಿ ಬಾಗಿಲಿನ ಪಟ್ಟಿ ಮತ್ತೊಮ್ಮೆ ಹಣೆಗೆ ಬಡಿದದ್ದು ಅವಳಿಗೆ ತಿಳಿಯಲೇ ಇಲ್ಲ.

“ಬ್ಯಾಡ ಮಾಸ್ತರ, ಬ್ಯಾಡ! ಕೇಳಿದಾಕಿ ನಾನ, ಈಗ ಬ್ಯಾಡ ಅನ್ನಾಕಿನೂ ನಾನ! ನಿಮ್ಮ ಮನಿ ಸಣ್ಣದು. ಸುಳ್ಳ್ಯಾಕ ಹೇಳ್ಲಿ, ಭಾಳ ಸಣ್ಣದು. ಹೊಗಿಗೆ ನನ್ನ ಕಣ್ಣ ಕೆಂಪಾಗ್ಯಾವ. ಸೀರಿ ಉಡಬೇಕಂದ್ರ ಮಂದೀನ್ನ ಓಣಿಗಿ ಕಳಸಬೇಕು. ಕಾಲ ನೀಡಿ ಮಲಗಿದ್ರ ಬಾಗಲಾ ಹಾಕಾಕ ಬರಾಂಗಿಲ್ಲ. ಆದ್ರ ನನ್ನ ಮಗಳು ಒಮ್ಮೆ ‘ಅಯ್ಯೋ’ ಅಂದದ್ದಕ್ಕ ಇಡೀ ಓಣಿ ಮಗ್ಗಾ ನಿಂತ್ವು. ಹಂಥಾ ಜಾಗಾ ಬಿಡಿಸಿ ನಾ ಎಲ್ಲಿಗಿ ಒಯ್ಯಲಿ? ನೀವ ಸಾಲಿ ಬಿಡಬ್ಯಾಡ್ರಿ. ಮುಂದ ನಿಮ್ಮ ಕೈಲೆ ಆದಾಗ ಇನ್ನೊಂದ ಅಂಕಣಾ ನೋಡ್ರಿ. ನನ್ನದು ಒಂದ ಮಾತ ಅಷ್ಟ. ಇನ್ನ ಮ್ಯಾಲೆ ಹೊಳೆವ್ವ ಚಳ್ಯಾಗ ಮಾಳಿಗಿ ಮ್ಯಾಲೆ ಮಲಗಬಾರದು! ನಿಮ್ಮಿಬ್ಬರ ಸಲವಾಗಿ ಆಕಿ...”

“ಏ ಬೀಗತೀ!” ಹೊಳೆವ್ವ ನಾಚಿ ನೀರಾಗಿ ಚೀರಿದಳು. “ನಿನ್ನ ಬಾಯಾಗ ಎಳ್ಳ ನೆನಿಯಾಂಗಿಲ್ಲಲ್ಲಾ!”

ಸಿದರಾಯ ತಾಯಿಯ ಕಡೆ ತಿರುಗಿದ. ತಿಳಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ತಿಳಿದಾಗ, ನಾಲ್ಕು ಜನರ ಮುಂದೆ ಎಂಬುದನ್ನೂ ಮರೆತು ಅವಳ ಕಾಲ ಬಳಿ ಕುಳಿತು ಚಿಕ್ಕ ಹುಡುಗನ ಹಾಗೆ ಅತ್ತ. “ಯವ್ವಾ... ನಾ ಮಂದಿ ಮಕ್ಕಳಿಗೆ ಬುದ್ಧಿ ಹೇಳಾಂವ. ನನ್ನ ಹಡದಾಕಿ ಚಳ್ಯಾಗ ನಡಗೂದು ನನಗ ತಿಳೀಲಿಲ್ಲಲ್ಲ ಬೇ!”

“ಏಳೋ ಹುಚ್ಚಾ,” ಎಂದು ಹೊಳೆವ್ವ ಅವನ ತಲೆ ಸವರಿದಳು. “ನಡಗಿಲ್ಲ ನಾ. ಎರಡ ಕಂಬಳಿ ಇದ್ದವು.”

ಪದ್ಮವ್ವನ ಗಂಡ ಗೂಳಪ್ಪ ಗಂಟಲು ಸರಿಮಾಡಿಕೊಂಡು, “ಅಳೂದ್ಯಾಕ ಮಾಸ್ತರ? ಬಾಣಂತಿ ಊರಿಂದ ಹೊಳ್ಳಿ ಬರೂದ್ರಾಗ ಮಾಳಿಗಿ ಮ್ಯಾಲೆ ಒಂದ ಸಪ್ಪರಾ ಎಬ್ಬಸೂನು. ನೀವ ಅಲ್ಲಿ ಮಲಗ್ರಿ, ನಿಮ್ಮವ್ವಾರು ಒಲಿ ಮುಂದ ಮಲಗಲಿ. ನಮ್ಮ ಓಣ್ಯಾಗ ಕೈಗೇನ ಬರಗಾಲೇನು?” ಎಂದ. ನಗು, ಕಣ್ಣೀರು ಎರಡೂ ಒಟ್ಟಿಗೇ ಆ ಓಣಿಯಲ್ಲಿ ಹರಿದವು.

ಮರುದಿನ ಚಕ್ಕಡಿ ಹೊರಟಾಗ ಮುದಕವ್ವ ಬೀಗತಿಯನ್ನೂ ಬಿಡಲಿಲ್ಲ. “ಸೊಸಿ ಬಾಣಂತನಕ್ಕ ಅತ್ತಿ ಬೀಗರ ಮನಿಗಿ ಹೋಗೂದು ಎಲ್ಲ್ಯರೆ ಐತೇನ? ಮಂದಿ ನಗ್ತಾರ!” ಎಂದು ಹೊಳೆವ್ವ ಕೊಸರಿದರೆ, “ನಗಲಿ, ನಾವೂ ನಗೂನು,” ಎಂದು ಕೈ ಹಿಡಿದು ಚಕ್ಕಡಿಗೆ ಹತ್ತಿಸಿಕೊಂಡಳು.

ಗಲಗಲಿಯ ಮನೆಯಲ್ಲಿ ಬಾಣಂತಿಗೆಂದು ಆಳುಗಳು ಕಟ್ಟಕಡೆಯ ಖೋಲಿಯನ್ನು ಸಾರಿಸಿ, ಹೊರಸು ಹಾಕಿ ಅಣಿಮಾಡಿದ್ದರು. ಮುದಕವ್ವ ಅದರ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ, “ಹೊರಸ ಎತ್ರಿ,” ಎಂದಳು. ಅಡಿಗೆಮನೆಗೆ ಹತ್ತಿದ ಅಂಕಣಕ್ಕೆ ಹೊರಸು ಬಂತು. ಅದರ ಹಿಂದೆ ತೊಟ್ಟಿಲು, ಕೆಂಡದ ಶೇಗಡಿ, ಎರಡು ಹಾಸಿಗೆ, ಎಲೆಯಡಿಕೆಯ ತಬಕು ಎಲ್ಲವೂ ಬಂದು ಸೇರಿದವು. ಉಳಿದ ಅಂಕಣಗಳು ಖಾಲಿ ಬಿದ್ದವು. ಆ ಒಂದರಲ್ಲಿ ಮಾತ್ರ ಹೊಳೆವ್ವನ ಕುರಿಹಿಂಡಿನ ಕಥೆ, ಕೂಸಿನ ಅಳು, ಬೀಗತಿಯರ ಜಗಳ, ಸುಂದರವ್ವನ ನಗು ಹಗಲೆಲ್ಲ ತುಂಬಿರುತ್ತಿತ್ತು.

ಗಿರಮಲ್ಲಪ್ಪನಿಗೆ ಊಟ ಬರುವುದು ಪಡಸಾಲೆಗೆ. ಅವನ ಅಪ್ಪ ಉಂಡದ್ದೂ ಅಲ್ಲಿಯೇ, ಒಬ್ಬನೇ, ಕಂಬಕ್ಕೆ ಆತು. ಮದುವೆಯಾದಾಗಿನಿಂದ ಅವನೂ ಹಾಗೆಯೇ ಉಂಡಿದ್ದ. ಒಂದು ಸಂಜೆ ಗಂಗಾಳ ಮುಂದಿತ್ತು. ರೊಟ್ಟಿ ಮುರಿದವನು ಹಾಗೆಯೇ ಕುಳಿತ. ಒಳಗಿನಿಂದ ನಗು ಅಲೆಯಲೆಯಾಗಿ ಬರುತ್ತಿತ್ತು. ಏನೆಂದು ತಿಳಿಯುತ್ತಿರಲಿಲ್ಲ, ನಡುವೆ ಅಷ್ಟು ಬಾಗಿಲು. ತುಸು ಹೊತ್ತು ಕೇಳಿದ. ಆಮೇಲೆ ಗಂಗಾಳವನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಮೇಲೆ ಬಾಗಿಲು ದಾಟಿ ಬಂದು, ಅವರ ಹೊಸ್ತಿಲ ಆಚೆ ನಿಂತ. ಊರಿಗೇ ಹಿರಿಯನಾದ ಆ ಮನುಷ್ಯನ ಮುಖದಲ್ಲಿ ಸಾಲೆಯ ಹುಡುಗನ ಸಂಕೋಚವಿತ್ತು.

“ಇಲ್ಲಿ ನನಗೂ ಒಂದೀಟ ಜಾಗಾ ಆಗತೈತೇನ?”

ಹೊಳೆವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಸರಿದಳು. ಸುಂದರವ್ವ ಕೂಸನ್ನು ತೊಡೆಗೆ ಎತ್ತಿಕೊಂಡಳು. ಮುದಕವ್ವ ಗಂಡನನ್ನು ಕಣ್ತುಂಬ ನೋಡಿದಳು. ಮಡಚಿದ ಕಾಲನ್ನು ಇನ್ನಷ್ಟು ಮಡಚಿ, ತನ್ನ ಮಗ್ಗುಲ ನೆಲವನ್ನು ಸೆರಗಿನಿಂದ ಒರೆಸಿದಳು.

“ಬರ್ರಿ... ಸರಕೊಂಡ ಕುಂಡ್ರೂನು.”